ಮೀನಿನ ತೊಟ್ಟಿಗೆ ಎಷ್ಟು ಕೊಡ ನೀರು?

ಮಲೆನಾಡಿನ ಒಂದು ಊರಿನಿಂದ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂತ ಕೇಳಿಕೊಂಡಿದ್ದಾರೆ. ಮಗಳ ಹಟಕ್ಕೆ ಮಣಿದು ಎರಡು ಅಡಿಯ ಗಾಜಿನ ತೊಟ್ಟಿ ತಂದು, ಅದರಲ್ಲಿ ಆರು ಗೋಲ್ಡ್‌ಫಿಶ್ ಬಿಟ್ಟರಂತೆ. ಹದಿನೈದು ದಿನ ಕಳೆಯುವುದರೊಳಗೆ ಮೀನಿನ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು ಎದ್ದವು. ಅಂಗಡಿಯವರು ಔಷಧಿ ಕೊಟ್ಟರು. ಬಾಟಲಿಯ ಮೇಲೆ ‘10 ಗ್ಯಾಲನ್ ನೀರಿಗೆ ಒಂದು ಟೀ ಚಮಚ’ ಎಂದು ಬರೆದಿದೆ. “ಗ್ಯಾಲನ್ ಅಂದರೆ ನಮ್ಮ ಕೊಡದಲ್ಲಿ ಎಷ್ಟು ಅಂತ ಅಂಗಡಿಯವರನ್ನು ಕೇಳಿದೆ ಅಕ್ಕಾ. ಸುಮ್ಮನೆ ಒಂದು ಮುಚ್ಚಳ ಹಾಕಿ ಹೋಗಿ ಅಂದರು. ಹಾಕಿದೆ. ಮರುದಿನ ಬೆಳಿಗ್ಗೆ ಮೂರು ಮೀನು ತೇಲುತ್ತಿದ್ದವು. ಮಗಳು ಊಟ ಬಿಟ್ಟು ಕೂತಿದ್ದಾಳೆ. ಉಳಿದ ಮೂರಕ್ಕೆ ಏನು ಮಾಡಲಿ?”

ಸತ್ತ ಮೀನು ರೋಗಕ್ಕೆ ಸತ್ತವೋ ಔಷಧಿಗೆ ಸತ್ತವೋ ಇಲ್ಲಿ ಕೂತು ಹೇಳುವುದು ಕಷ್ಟ. ಆದರೆ ಆ ಮುಚ್ಚಳದ ಮೇಲೆ ನನಗೆ ಗುಮಾನಿ ಇದೆ. ಟೀ ಚಮಚ ಅಂದರೆ 5 ಮಿಲಿ. ಬಾಟಲಿ ಮುಚ್ಚಳ 10 ಮಿಲಿ ಹಿಡಿಯುವುದೂ ಉಂಟು. ಸೋದರಿ, ಮೊದಲು ಆ ಮುಚ್ಚಳಕ್ಕೆ ನೀರು ಹಾಕಿ ಅಳೆದು ನೋಡಿ. ಔಷಧಿ ಅಂಗಡಿಯಲ್ಲಿ ಸೂಜಿಯಿಲ್ಲದ 5 ಮಿಲಿ ಸಿರಿಂಜು ಕೇಳಿದರೆ ಕೊಡುತ್ತಾರೆ, ಅದರಲ್ಲಿ ಎಳೆದರೆ ತಿಳಿದುಹೋಗುತ್ತದೆ. ನಮ್ಮ ಅಡಿಗೆಮನೆಯ ಚಮಚಗಳನ್ನಂತೂ ನಂಬಬೇಡಿ. ಕಾಫಿ ಪುಡಿಯ ಚಮಚ ಒಂದಾದರೆ ಉಪ್ಪಿನಕಾಯಿಯದು ಇನ್ನೊಂದು. ಅಲ್ಲದೆ ಮೀನಿನ ಔಷಧಿ ಮುಟ್ಟಿದ ಚಮಚ ಮತ್ತೆ ಅಡಿಗೆಮನೆಗೆ ಬರಕೂಡದು. ಬಿಳಿ ಚುಕ್ಕೆಯ ಔಷಧಿಗಳಲ್ಲಿ ಹಲವಕ್ಕೆ ಮ್ಯಾಲಕೈಟ್ ಗ್ರೀನ್, ಫಾರ್ಮಲಿನ್ ಹಾಕಿರುತ್ತಾರೆ. ಅವು ವಿಷವೇ. ಬಾಟಲಿ, ಸಿರಿಂಜು ಎರಡೂ ಮಕ್ಕಳ ಕೈಗೆ ಸಿಗದ ಹಾಗೆ ಮೇಲಿಡಿ.

ಇನ್ನು ತೊಟ್ಟಿ. ‘ಎರಡಡಿ ಒಂದಡಿ ಒಂದಡಿ’ ಎಂದು ಅಂಗಡಿಯಲ್ಲಿ ಹೇಳುವುದು ಹೊರಗಿನ ಅಳತೆ. ಲೆಕ್ಕಕ್ಕೆ ಎರಡು ಘನ ಅಡಿ. ಒಂದು ಘನ ಅಡಿಗೆ 28.3 ಲೀಟರಿನಂತೆ 56 ಲೀಟರಿಗೂ ಮೇಲೆ ಬಂತು. ಆದರೆ ಅಷ್ಟು ನೀರು ಅದರಲ್ಲಿ ಇರುವುದೇ ಇಲ್ಲ. ಗಾಜಿನ ದಪ್ಪ ಹೋಯಿತು, ತಳದಲ್ಲಿ ಮರಳು ಹಾಕಿದ್ದೀರಿ, ಮೇಲೆ ಮೂರು ನಾಲ್ಕು ಬೆರಳು ಖಾಲಿ ಬಿಟ್ಟಿದ್ದೀರಿ. ಹಾಗಾಗಿ ಹೊಲಿಗೆ ಟೇಪು ತಗೊಳ್ಳಿ. ಒಂದು ಮಗ್ಗುಲಲ್ಲಿ ಇಂಚು, ಇನ್ನೊಂದರಲ್ಲಿ ಸೆಂಟಿಮೀಟರು ಇರುತ್ತದೆಯಲ್ಲ, ಸೆಂಟಿಮೀಟರಿನ ಮಗ್ಗುಲನ್ನೇ ಹಿಡಿಯಿರಿ. (ಹಳೆಯ ಬಟ್ಟೆ ಟೇಪು ಜಗ್ಗಿರುತ್ತದೆ, ರವಿಕೆಯಲ್ಲಿ ನಡೆದೀತು, ಇಲ್ಲಿ ಬೇಡ.) ಒಳಗಿನ ಉದ್ದ, ಒಳಗಿನ ಅಗಲ, ಮರಳಿನಿಂದ ನೀರಿನ ಮಟ್ಟದವರೆಗಿನ ಎತ್ತರ, ಈ ಮೂರನ್ನೂ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಬರುತ್ತದೆ. ನಿಮ್ಮಂಥ ತೊಟ್ಟಿಯಲ್ಲಿ 60, 29, 25 ಎಂದಿಟ್ಟುಕೊಳ್ಳಿ. ಗುಣಿಸಿದರೆ 43,500. ಅಂದರೆ ನಲವತ್ಮೂರೂವರೆ ಲೀಟರ್. ಮರಳಿನ ಸಂದಿಯಲ್ಲೂ ಸ್ವಲ್ಪ ನೀರು ನಿಂತಿರುತ್ತದೆ, ಒಟ್ಟು 45 ಎನ್ನೋಣ. 56 ಲೀಟರ್ ಅಂದುಕೊಂಡು ಔಷಧಿ ಹಾಕಿದರೆ ಕಾಲು ಪಾಲು ಹೆಚ್ಚೇ ಬಿದ್ದಂತಾಯಿತು. ಟೇಪಿನಲ್ಲಿ ಇಂಚು ಮಾತ್ರ ಇದ್ದರೆ ಮೂರನ್ನೂ ಗುಣಿಸಿ 61ರಿಂದ ಭಾಗಿಸಿ, ಆಗಲೂ ಲೀಟರೇ ಬರುತ್ತದೆ. ಒಂದು ಅಳತೆ ಇಂಚಿನಲ್ಲಿ ಒಂದು ಸೆಂಟಿಮೀಟರಿನಲ್ಲಿ ಮಾತ್ರ ಬೆರೆಸಬೇಡಿ.

ಗುಣಾಕಾರ ಬೇಡ ಎನ್ನುವವರಿಗೆ ಕೊಡದ ಲೆಕ್ಕವೇ ಸಲೀಸು. ಆದರೆ ಒಬ್ಬೊಬ್ಬರ ಮನೆಯ ಕೊಡ ಒಂದೊಂದು ಗಾತ್ರ. ಒಂದು ಲೀಟರಿನ ನೀರಿನ ಬಾಟಲಿಯಿಂದ ನಿಮ್ಮ ಕೊಡಕ್ಕೆ ಎಣಿಸಿ ಎಣಿಸಿ ಸುರಿಯಿರಿ. ಒಂದು ಸಲ ಎಣಿಸಿಟ್ಟರೆ ಮುಗಿಯಿತು. ತೊಟ್ಟಿ ತುಂಬುವಾಗ ಎಷ್ಟು ಕೊಡ ಹಿಡಿಯಿತು ಅಂತ ಬರೆದುಕೊಂಡು, ನೀರಿನ ಮಟ್ಟಕ್ಕೆ ಗಾಜಿನ ಹೊರಮೈ ಮೇಲೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದುಬಿಡಿ.

ಈಗ ಗ್ಯಾಲನ್ನಿಗೆ ಬರೋಣ. ಗೋಜಲಿರುವುದೇ ಇಲ್ಲಿ. ಗ್ಯಾಲನ್ ಒಂದಲ್ಲ, ಎರಡು. ಇಂಗ್ಲಿಷರ ಗ್ಯಾಲನ್ 4.546 ಲೀಟರ್, ಅಮೆರಿಕದವರದು 3.785 ಲೀಟರ್. ನಮ್ಮ ದೇಶದಲ್ಲಿ ಹಿಂದೆ ಇದ್ದದ್ದು ಇಂಗ್ಲಿಷರದು. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂತು, 1958ರ ಅಕ್ಟೋಬರಿನಿಂದ ಕಿಲೋ, ಲೀಟರ್, ಮೀಟರ್ ಒಂದೊಂದಾಗಿ ಜಾರಿಗೆ ಬಂದವು. ಸೇರು ಪಾವಿನ ಜೊತೆ ಗ್ಯಾಲನ್ನೂ ಹೋಯಿತು. ಹೋದದ್ದು ಈಗ ಮೀನಿನ ಔಷಧಿ ಬಾಟಲಿಯ ಮೇಲೆ ಕೂತು ಮತ್ತೆ ಮನೆಗೆ ಬಂದಿದೆ! ಮಕ್ಕಳನ್ನು ಕೇಳಿದರೆ ಫೋನಿನಲ್ಲಿ ಒತ್ತಿ ಥಟ್ಟನೆ ಹೇಳುತ್ತಾರೆ. ಯಾವ ಗ್ಯಾಲನ್ ಕಣೋ ಅಂದರೆ ಮುಖ ನೋಡುತ್ತಾರೆ.

ಬಾಟಲಿ ಅಮೆರಿಕದ್ದಾದರೆ 10 ಗ್ಯಾಲನ್ ಅಂದರೆ 38 ಲೀಟರ್. ಇಂಗ್ಲಿಷರ ಲೆಕ್ಕದ್ದಾದರೆ 45 ಲೀಟರ್. 45 ಲೀಟರಿನ ತೊಟ್ಟಿಗೆ ಮೊದಲನೆಯದರ ಪ್ರಕಾರ ಸುಮಾರು 6 ಮಿಲಿ ಬೇಕು, ಎರಡನೆಯದರ ಪ್ರಕಾರ 5 ಮಿಲಿ ಸಾಕು. ಬಾಟಲಿಯ ಮೇಲೆ ಲೀಟರೂ ಬರೆದಿದ್ದರೆ ಅದನ್ನೇ ಹಿಡಿಯಿರಿ. ಎಲ್ಲಿಯದೆಂದು ಗೊತ್ತೇ ಆಗದಿದ್ದರೆ ದೊಡ್ಡ ಗ್ಯಾಲನ್ ಎಂದುಕೊಂಡು ಕಡಿಮೆ ಔಷಧಿ ಹಾಕಿ. ಸಾರಿಗೆ ಉಪ್ಪು ಹಾಕಿದ ಹಾಗೆ ಇದು, ಸಾಲದಿದ್ದರೆ ಮತ್ತೆ ಹಾಕಬಹುದು.

ಹಾಗಾದರೆ ಸೋದರಿ, ನಿಮ್ಮ ಮುಚ್ಚಳ 10 ಮಿಲಿಯದೇ ಎಂದು ಸಿರಿಂಜು ಹೇಳಿದರೆ, ಇನ್ನೊಂದು ಹನಿಯೂ ಹಾಕಬೇಡಿ. ತೊಟ್ಟಿಯ ಅರ್ಧ ನೀರು ತೆಗೆದು ಅಷ್ಟೇ ಹೊಸ ನೀರು ಹಾಕಿ. ಅರ್ಧ ನೀರಿನ ಜೊತೆ ಅರ್ಧ ಔಷಧಿಯೂ ಹೋಗುತ್ತದೆ, ಉಳಿಯುವುದು 5 ಮಿಲಿ. ನಿಮಗೆ ಬೇಕಾದದ್ದೂ ಅಷ್ಟೇ. ಹೊಸ ನೀರು ತೊಟ್ಟಿಯ ನೀರಿನಷ್ಟೇ ಬೆಚ್ಚಗಿರಲಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಬೇಕು, ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟದ್ದನ್ನು ಹಾಕಿ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ಔಷಧಿ ಮುಗಿಯುವವರೆಗೆ ತೆಗೆದಿಡಿ, ಇಲ್ಲದಿದ್ದರೆ ಅದೇ ಔಷಧಿಯನ್ನು ಹೀರಿಬಿಡುತ್ತದೆ.

ಉಪ್ಪು ಹಾಕಬಹುದೇ ಎಂದೂ ಕೇಳಿದ್ದೀರಿ. ಗೋಲ್ಡ್‌ಫಿಶ್‌ಗೆ ಲೀಟರಿಗೆ 1 ಗ್ರಾಂ ತಡೆಯುತ್ತದೆ, ನಿಮ್ಮ ತೊಟ್ಟಿಗೆ 45 ಗ್ರಾಂ. ಚಮಚದಲ್ಲಿ ಬೇಡ, ತೂಗಿ ಹಾಕಿ. ಕಲ್ಲುಪ್ಪಿನ ಚಮಚ ಹಗುರ, ಪುಡಿ ಉಪ್ಪಿನದು ಭಾರ. ಇಲ್ಲೊಂದು ಸೂಕ್ಷ್ಮ ಇದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಆರಿಹೋದ ನೀರನ್ನು ತುಂಬಿಸುವಾಗ ಮತ್ತೆ ಉಪ್ಪು ಹಾಕಕೂಡದು. ವಾರಕ್ಕೊಮ್ಮೆ ಕಾಲು ಭಾಗ ನೀರು, ಅಂದರೆ 11 ಲೀಟರ್ ತೆಗೆದು ಹೊಸದು ಹಾಕುತ್ತೀರಲ್ಲ, ಆಗ ಆ 11 ಲೀಟರಿಗೆ ಮಾತ್ರ 11 ಗ್ರಾಂ ಹಾಕಿ. ಪ್ರತಿ ವಾರವೂ 45 ಗ್ರಾಂ ಸುರಿಯುವವರನ್ನು ನಾನು ನೋಡಿದ್ದೇನೆ. ಹಾಗೆ ಮಾಡಿದರೆ ಉಪ್ಪು ಏರುತ್ತಾ ಹೋಗಿ ಗಿಡ ಹಾಳಾಗಬಹುದು, ಮೀನಿಗೂ ತೊಂದರೆಯಾಗಬಹುದು.

ಔಷಧಿಯ ಚೀಟಿಯಲ್ಲಿ ಶಾಖ 78 ಡಿಗ್ರಿ ಅಂತ ಇದ್ದರೆ ಹೆದರಬೇಡಿ, ಅದು ಫ್ಯಾರನ್‌ಹೀಟ್. 32 ಕಳೆಯಿರಿ, 46. ಅದರ ಅರ್ಧ 23. ಅರ್ಧಕ್ಕೆ ಅದರ ಹತ್ತನೇ ಒಂದು ಪಾಲು ಸೇರಿಸಿ, ಸುಮಾರು 25 ಸೆಲ್ಸಿಯಸ್ ಬಂತು. ಇದು ಬಾಯಿಲೆಕ್ಕ, ಸರಿಯಾದ ಉತ್ತರ 25.6. ಜ್ವರ ನೋಡುವ ಥರ್ಮಾಮೀಟರು ಇದಕ್ಕೆ ಬಾರದು. ಅದರ ಗೆರೆ ಶುರುವಾಗುವುದೇ 35 ಸೆಲ್ಸಿಯಸ್‌ನಿಂದ.

ತೊಟ್ಟಿಯನ್ನು ಮರದ ಸ್ಟೂಲಿನ ಮೇಲೆ ಇಟ್ಟಿದ್ದೇವೆ ಎಂದು ಬರೆದದ್ದು ಓದಿ ನನಗೆ ಗಾಬರಿಯಾಯಿತು. ಒಂದು ಲೀಟರ್ ನೀರು ಒಂದು ಕಿಲೋ. 45 ಕಿಲೋ ನೀರು, ಎಂಟೊಂಬತ್ತು ಕಿಲೋ ಗಾಜು, ಮೇಲೆ ಮರಳು. ಅರವತ್ತು ಕಿಲೋ ದಾಟಿತು. ದೊಡ್ಡ ಹೆಂಗಸೊಬ್ಬಳು ಹಗಲೂ ರಾತ್ರಿ ಆ ಸ್ಟೂಲಿನ ಮೇಲೆ ಕೂತ ಹಾಗೆ. ಅದರ ಕೆಳಗೇ ಮಗು ಆಡುತ್ತದೆ. ಇವತ್ತೇ ಯಜಮಾನರಿಗೆ ಹೇಳಿ ಗಟ್ಟಿ ಮೇಜಿಗೆ, ಇಲ್ಲವೆ ಗೋಡೆಯ ಕಲ್ಲುಕಟ್ಟೆಗೆ ಬದಲಾಯಿಸಿ. ನೀರು ತುಂಬಿದ ತೊಟ್ಟಿಯನ್ನು ಹಾಗೇ ಎತ್ತಬೇಡಿ, ಗಾಜಿನ ಬೆಸುಗೆ ಬಿಡುತ್ತದೆ. ನೀರು ಬಹುಪಾಲು ತೆಗೆದು, ಮೀನನ್ನು ಬಕೆಟಿಗೆ ಬಿಟ್ಟು ಆಮೇಲೆ ಎತ್ತಿ.

ಇನ್ನು ಮೂರು ಮೀನು ತಂದು ಮತ್ತೆ ಆರು ಮಾಡಿಕೊಡು ಅಂತ ಮಗಳು ಕೇಳುತ್ತಾಳೆ. 45 ಲೀಟರಿಗೆ ಮೂರು ಗೋಲ್ಡ್‌ಫಿಶ್ಶೇ ಜಾಸ್ತಿ, ಬೆಳೆದರೆ ಅವಕ್ಕೇ ಜಾಗ ಸಾಲದು. ಅಳತೆ ಟೇಪನ್ನು ಅವಳ ಕೈಗೇ ಕೊಡಿ, ಲೀಟರಿನ ಲೆಕ್ಕ ಅವಳೇ ಮಾಡಲಿ.

ಚುಕ್ಕೆ ಇಳಿಯಿತೇ ಎಂದು ಮರೆಯದೆ ಬರೆಯಿರಿ. ಹಪ್ಪಳದ ಹಿಟ್ಟಿಗೆ ಸೇರಿನ ಲೆಕ್ಕವನ್ನು ಕಿಲೋಗೆ ತಿರುಗಿಸಿಕೊಡಿ ಎಂದ ಸೋದರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ.