ಕಾಲಿನ ಅಂಕ ಅಮ್ಮನೇ ಹಾಕಲಿ

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್, ನಾವು ಎಲ್ಲೇ ಓದ್ತಿರಲಿ, ಘಟಿಕೋತ್ಸವಕ್ಕೆ ಅಪ್ಪ ಅಮ್ಮ ಬೆಂಗಳೂರಿಂದ ಹೆಚ್ಚುಕಮ್ಮಿ ಒಂದಿಡೀ ದಿನ ಪ್ರಯಾಣ ಮಾಡಿ ಬರ್ತಾರೆ. 4 ಗಂಟೆ ಮೀರಿ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತೆ (ಅಪಾಯ ಸಣ್ಣದೇ, ಗಾಬರಿ ಬೇಡ). ನಾವು ಹೇಳ್ತಿರೋದು ಆಮೇಲಿನ ಮಾತು. ಹೆಪ್ಪಿಗೆ ಔಷಧಿ ಆದಮೇಲೂ ಹಲವರಿಗೆ ಕಾಲಿನ ತೊಂದರೆ ವರ್ಷಗಟ್ಟಲೆ ಉಳಿಯುತ್ತೆ.

ಅದನ್ನು ಅಳೆಯುವ ವಿಲ್ಲಾಲ್ಟಾ ಮಾಪಕದಲ್ಲಿ ಒಟ್ಟು 33 ಅಂಕ. 18 ಅಂಕ ಡಾಕ್ಟರು ಕಾಲು ನೋಡಿ ಹಾಕೋದು. ಉಳಿದ 15 ರೋಗಿಯ ಬಾಯಿಂದಲೇ ಬರಬೇಕು: ನೋವು, ಸೆಳೆತ, ಭಾರ, ಜೋಮು, ತುರಿಕೆ, ಒಂದೊಂದಕ್ಕೂ 0ಯಿಂದ 3. ಒಟ್ಟು 5 ಆದರೆ ತೊಂದರೆ ಉಳಿದಿದೆ ಅಂತ ಲೆಕ್ಕ.

ನಮ್ಮ ಅಮ್ಮಂದಿರೋ, "ಏನಿಲ್ಲ ಕಣೋ, ಸ್ವಲ್ಪ ಕಾಲು ಹಿಡ್ಕೊಂಡಿದೆ" ಅಂತಾರೆ. ಅದನ್ನ 'ಫೈನ್' ಅಂತ ದಾಟಿಸಿದರೆ ಎರಡು ಮೂರು ಅಂಕ ಅಲ್ಲೇ ಮಾಯ. 5ರ ಆಸುಪಾಸಿನಲ್ಲಿ ಇರೋರಿಗೆ ಇದು ಸಣ್ಣ ಮಾತಲ್ಲ. ಹಿಡ್ಕೊಂಡಿದೆ ಅಂದ್ರೆ ಸೆಳೆತವೋ, ಭಾರವೋ? ಕನ್ನಡದಲ್ಲೇ ಕೇಳಬೇಕು, ಉತ್ತರ ಅವರೇ ಹೇಳಬೇಕು.

ಇಲ್ಲಿನ ಫೆಡರಲ್ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನ ಉಚಿತವಾಗಿ ಒದಗಿಸಬೇಕು. ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಕನ್ನಡ ಬೇಕು ಅಂತ ಬರೆಸೋಣ.