ಅಡ್ಡಗಾಳಿ, ಸಣ್ಣ ಕಾರು ಮತ್ತು ರಾಣೇಬೆನ್ನೂರು-ಹಾವೇರಿ ಹೈವೇ

"ಸಣ್ಣ ಗಾಡಿ ತಗೊಂಡು ಹೈವೇಕ್ಕ ಯಾಕ ಇಳೀತೀರಿ? ಗಾಳಿಗೆ ಹಾರಿ ಹೋಗ್ತದ ಅದು!"

ನಮ್ಮ ಕಡೆ ಆಲ್ಟೋ, ವ್ಯಾಗನ್ ಆರ್ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ಸಲ ಕೇಳಿಸಿಕೊಂಡ ಮಾತಿದು. ಹೇಳುವವರು ಸಾಮಾನ್ಯವಾಗಿ ಹೊಸದಾಗಿ ದೊಡ್ಡ ಗಾಡಿ ತಗೊಂಡಿರ್ತಾರೆ ಅನ್ನೋದು ಬೇರೆ ವಿಷಯ :)

ಈ ಮಾತಿನಲ್ಲಿ ಅರ್ಧ ನಿಜ ಇದೆ. ಸಣ್ಣ ಕಾರು ಅಡ್ಡಗಾಳಿಗೆ ಹೊಯ್ದಾಡೋದು ಹೌದು. ಆದರೆ ತಪ್ಪೆಲ್ಲ ಕಾರಿನದೇ ಅನ್ನೋದನ್ನ ನಾನು ಒಪ್ಪಲ್ಲ. ನಾನು ಓದಿದ್ದು ಮೆಕ್ಯಾನಿಕಲ್, ಅನ್ನ ಹಾಕ್ತಿರೋದು ಸಾಫ್ಟ್‌ವೇರ್. ಓದಿದ್ದು ಪೂರ್ತಿ ಮರೆಯುವ ಮೊದಲು ಒಂದು ಲೆಕ್ಕ ಹಾಕಿಬಿಡೋಣ ಅಂತ ಈ ಬರಹ.

ಮೊದಲು ನಕ್ಷೆ ತೆಗೆದು ನೋಡಿ. ರಾಣೇಬೆನ್ನೂರಿನಿಂದ ಹಾವೇರಿಗೆ ಹೈವೇಯಲ್ಲಿ ಸುಮಾರು 30 ಕಿಲೋಮೀಟರು, ನಡುವೆ ಬ್ಯಾಡಗಿಯ ಜನ ಹೈವೇ ಸೇರುವ ಮೋಟೆಬೆನ್ನೂರು. (ನಾವೆಲ್ಲ ಇವತ್ತಿಗೂ ಎನ್‌ಹೆಚ್-4 ಅಂತಲೇ ಕರೆಯುವ ಇದು ಈಗ ಎನ್‌ಹೆಚ್-48.) ಈ ರಸ್ತೆ ಸಾಗುವುದು ಹೆಚ್ಚುಕಮ್ಮಿ ವಾಯವ್ಯಕ್ಕೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂಗಾರು ಗಾಳಿ ಬೀಸುವುದು ನೈಋತ್ಯ-ಪಶ್ಚಿಮದಿಂದ. ಅಂದ್ರೆ ರಸ್ತೆಗೆ ನೆಟ್ಟಗೆ ಅಡ್ಡ! ಬೇಕಂತಲೇ ಗಾಳಿಗೆ ಎದೆಯೊಡ್ಡಿ ಹಾಕಿದ ಹಾಗಿದೆ ರಸ್ತೆ. ಸುತ್ತ ಬಯಲು, ಗೋವಿನಜೋಳದ ಹೊಲ. ಇತ್ತ ಚಿತ್ರದುರ್ಗದ ಗುಡ್ಡಗಳ ಮೇಲೆ, ಅತ್ತ ಗದಗಿನ ಕಪ್ಪತಗುಡ್ಡದ ಕಡೆ ಸಾಲು ಸಾಲು ಗಾಳಿಯಂತ್ರ ನಿಲ್ಲಿಸಿದ್ದಾರಲ್ಲ, ಗಾಳಿ ಇಲ್ಲದ ಕಡೆ ಯಾರೂ ದುಡ್ಡು ಸುರಿದು ಗಾಳಿಯಂತ್ರ ನಿಲ್ಲಿಸಲ್ಲ.

ಈಗ ಲೆಕ್ಕ. ಕಾರು 100 ಕಿ.ಮೀ. ವೇಗದಲ್ಲಿದೆ, ಅಡ್ಡಗಾಳಿ 40 ಕಿ.ಮೀ. ಇದೆ ಅಂದುಕೊಳ್ಳಿ. ವ್ಯಾಗನ್ ಆರ್‌ನಂಥ ಗಾಡಿಗೆ ಪಕ್ಕದಿಂದ ಬೀಳುವ ಒತ್ತಡ ನನ್ನ ಅಂದಾಜಿನಲ್ಲಿ ಸುಮಾರು 80 ಕೆಜಿ ತೂಕದಷ್ಟು. ದೊಡ್ಡ ಆಳೊಬ್ಬ ತನ್ನ ಮೈಭಾರವನ್ನೆಲ್ಲ ಬಿಟ್ಟು ಕಾರನ್ನು ಪಕ್ಕಕ್ಕೆ ತಳ್ಳಿದ ಹಾಗೆ. ಅದೂ ಕಾರಿನ ಗುರುತ್ವ ಕೇಂದ್ರಕ್ಕಿಂತ ಮುಂದೆ ತಳ್ಳುತ್ತದೆ. ಅದಕ್ಕೇ ಮೂತಿ ಮೊದಲು ತಿರುಗುತ್ತೆ, ಆಮೇಲೆ ಗಾಡಿ ಲೇನ್ ಬಿಡುತ್ತೆ.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ಈ ಪಕ್ಕದ ಒತ್ತಡ ಬರೀ ಗಾಳಿಯ ವೇಗದ ಮೇಲೆ ನಿಂತಿಲ್ಲ. ಸ್ಥೂಲವಾಗಿ ಹೇಳಬೇಕಂದ್ರೆ ಅಡ್ಡಗಾಳಿಯ ವೇಗ ಮತ್ತು ನಮ್ಮ ವೇಗ, ಇವೆರಡರ ಗುಣಲಬ್ಧದ ಜೊತೆ ಅದು ಏರುತ್ತದೆ. ಗಾಳಿ ಅಷ್ಟೇ ಇದ್ದರೂ ನೀವು 100ರಿಂದ 70ಕ್ಕೆ ಇಳಿದರೆ ತಳ್ಳುವ ಬಲ ಕಾಲುಭಾಗಕ್ಕಿಂತ ಹೆಚ್ಚೇ ಇಳಿಯುತ್ತೆ. ಸ್ಟೇರಿಂಗ್ ಸರಿ ಮಾಡಿಕೊಳ್ಳೋಕೆ ಸಿಗುವ ಸಮಯ ಲಾಭ.

ಒಂದೇ ಸಮ ಬೀಸುವ ಗಾಳಿ ದೊಡ್ಡ ತೊಂದರೆಯಲ್ಲ, ಕೈ ತಾನೇ ಹೊಂದಿಕೊಳ್ಳುತ್ತೆ. ಸಮಸ್ಯೆ ಇರೋದು ಗಾಳಿ ತಟ್ಟನೆ ನಿಂತು ತಟ್ಟನೆ ಶುರುವಾಗುವ ಕಡೆ. ರಾಣೇಬೆನ್ನೂರಿನಿಂದ ಹಾವೇರಿಗೆ ಹೋಗುವಾಗ ಗಾಳಿ ಎಡದಿಂದ. ನೀವು ಗೊತ್ತಿಲ್ಲದೇ ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ ಹಿಡಿದಿರ್ತೀರಿ. ಲಾರಿಯೊಂದನ್ನು ಬಲದಿಂದ ಓವರ್‌ಟೇಕ್ ಮಾಡ್ತೀರಿ. ಲಾರಿ ಗಾಳಿಯನ್ನು ತಡೆದ ಕೂಡಲೇ ಕಾರು ಲಾರಿ ಕಡೆ ವಾಲುತ್ತೆ. ಗಾಬರಿಯಾಗಿ ಬಲಕ್ಕೆ ತಿರುಗಿಸ್ತೀರಿ. ಅಷ್ಟರಲ್ಲಿ ಲಾರಿ ಮುಗಿಯಿತು, ನಿಂತಿದ್ದ ಗಾಳಿ ಒಮ್ಮೆಲೇ ಬಂದು ಅದೇ ಬಲಕ್ಕೆ, ಡಿವೈಡರ್ ಕಡೆಗೆ ನೂಕುತ್ತೆ. ಕಾರು 90ರಲ್ಲಿ, ಲಾರಿ 60ರಲ್ಲಿ ಇದ್ದರೆ ಇದೆಲ್ಲ ಎರಡು-ಮೂರು ಸೆಕೆಂಡಿನ ಆಟ. ಹಾವೇರಿಯಿಂದ ಬರುವಾಗ ಗಾಳಿ ಬಲದಿಂದ, ಆಗ ಲಾರಿಯ ಮೈಮೇಲೆಯೇ ನೂಕುತ್ತೆ. ಹಾವೇರಿ ದಾಟಿ ವರದಾ ನದಿಯ ಸೇತುವೆ, ಊರ ಹತ್ತಿರದ ಎತ್ತರದ ಏರಿ, ಫ್ಲೈಓವರ್... ಅಲ್ಲೆಲ್ಲ ಇದೇ ಕಥೆ. ಏಪ್ರಿಲ್-ಮೇ ತಿಂಗಳ ಸಂಜೆಯ ಗಾಳಿಮಳೆಯಂತೂ ಯಾವ ದಿಕ್ಕಿನಿಂದ ಬಂದೀತು ಅನ್ನೋದೇ ಗೊತ್ತಾಗಲ್ಲ.

ಇದಕ್ಕೆ ಕೆಟ್ಟ ರಸ್ತೆ ಸೇರಿಸಿ. ಲಾರಿಗಳು ತುಳಿದೂ ತುಳಿದೂ ಡಾಂಬರಿನಲ್ಲಿ ಗಾಲಿಯ ಜಾಡು ಬಿದ್ದಿರುತ್ತೆ. 12-13 ಇಂಚಿನ ಪುಟ್ಟ ಗಾಲಿ ಆ ಜಾಡಿನಲ್ಲಿ ಇಳಿದರೆ ತನ್ನದೇ ದಾರಿ ಹಿಡಿಯುತ್ತೆ. ಸೇತುವೆಯ ಜಾಯಿಂಟ್ ಹಾರಿದಾಗ ಟೈರು ಅರೆಕ್ಷಣ ಹಗುರಾಗುತ್ತೆ. ಆ ಅರೆಕ್ಷಣದಲ್ಲೇ ಗಾಳಿ ಬೀಸಿತೋ, ಹಿಡಿದುಕೊಳ್ಳೋಕೆ ಟೈರಿಗೆ ನೆಲವೇ ಇಲ್ಲ.

ಕಾರಿನ ತಪ್ಪಿಲ್ಲವೇ? ಇದೆ, ಆದರೆ ಆ ಕಾರನ್ನು ಬೇಡಿದವರು ನಾವೇ. 1983ರಲ್ಲಿ ಬಂದ ಮಾರುತಿ 800ರ ಎತ್ತರ ಅದರ ಅಗಲಕ್ಕಿಂತ ತುಸು ಕಡಿಮೆಯೇ ಇತ್ತು. 1998ರಲ್ಲಿ ಸ್ಯಾಂಟ್ರೋ, 1999ರಲ್ಲಿ ವ್ಯಾಗನ್ ಆರ್ ಬಂದವು. ಸೀರೆ ಉಟ್ಟವರಿಗೆ, ಮಂಡಿ ನೋವಿನವರಿಗೆ ಹತ್ತಿ ಇಳಿಯಲು ಸುಲಭ ಅಂತ ಎತ್ತರದ ಕಾರಿಗೆ ಮುಗಿಬಿದ್ದೆವು. 2009ರಲ್ಲಿ ರಸ್ತೆಗಿಳಿದ ನ್ಯಾನೋ 1.5 ಮೀಟರ್ ಅಗಲ, 1.65 ಮೀಟರ್ ಎತ್ತರ, ಎಂಜಿನ್ ಹಿಂದೆ. ಹಿಂಭಾಗ ಜಾರಬಾರದು ಅಂತ ಹಿಂದಿನ ಟೈರನ್ನು ಮುಂದಿನದಕ್ಕಿಂತ ಅಗಲ ಇಟ್ಟಿದ್ದರು. ಎಂಜಿನಿಯರುಗಳಿಗೆ ಸಮಸ್ಯೆ ಗೊತ್ತಿತ್ತು ಅಂತ ಇದರ ಅರ್ಥ. ಮೈಲೇಜಿಗೆ ಹಗುರ ಮೈ, ತೆಳು ಟೈರು, ಸೌಕರ್ಯಕ್ಕೆ ಎತ್ತರ. ಎಲ್ಲ ಸೇರಿ ಗಾಳಿಪಟ :)

ಹಾಗಂತ ದೊಡ್ಡ ಗಾಡಿ ತಗೊಂಡರೆ ಮುಗೀತಾ? ಎಸ್‌ಯುವಿಯ ತೂಕ ಜಾಸ್ತಿ ನಿಜ, ಆದರೆ ಗಾಳಿಗೆ ಒಡ್ಡುವ ಮೈಯೂ ಜಾಸ್ತಿ, ಗುರುತ್ವ ಕೇಂದ್ರವೂ ಮೇಲೆ. 1997ರಲ್ಲಿ ಸ್ವೀಡನ್ನಿನಲ್ಲಿ ಪತ್ರಕರ್ತರು ತಟ್ಟನೆ ತಿರುಗಿಸಿ ಪರೀಕ್ಷೆ ಮಾಡಿದಾಗ ಮರ್ಸಿಡಿಸ್‌ನ ಎ-ಕ್ಲಾಸ್ ಮಗುಚಿಬಿತ್ತು. ಅಷ್ಟು ದೊಡ್ಡ ಹೆಸರಿನ ಕಂಪನಿ ಮಾರಾಟ ನಿಲ್ಲಿಸಿ, ಎಲ್ಲ ಎ-ಕ್ಲಾಸ್‌ಗೂ ಇಎಸ್‌ಪಿ ಹಾಕಿಕೊಟ್ಟಿತು. ಗಾಡಿ ಜಾರತೊಡಗಿದಾಗ ಒಂದೊಂದೇ ಗಾಲಿಗೆ ತಾನೇ ಬ್ರೇಕ್ ಹಾಕಿ ದಾರಿಗೆ ತರುವ ವ್ಯವಸ್ಥೆ ಅದು. ನಮ್ಮಲ್ಲಿ 2023ರ ಅಕ್ಟೋಬರಿನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್‌ನಲ್ಲಿ ಮೂರು ಸ್ಟಾರ್ ಬೇಕಂದ್ರೆ ಇದು ಇರಲೇಬೇಕು. 2024ರಲ್ಲಿ ಆಲ್ಟೋ ಕೆ10ಗೂ ಬಂತು. ಒಳ್ಳೆಯದೇ. ಆದರೆ ಗಾಳಿಯ ಮೊದಲ ನೂಕನ್ನು ಅದು ತಡೆಯಲ್ಲ. ನಮ್ಮೂರಿನ ಸೆಕೆಂಡ್‌ಹ್ಯಾಂಡ್ ಕಾರುಗಳಿಗಂತೂ ಅದೂ ಇಲ್ಲ.

ಬ್ಯಾಡಗಿಯ ನಮ್ಮ ಸೋದರಮಾವನ ಬಳಿ ಇದಕ್ಕೆ ಬೇರೆಯೇ ಔಷಧಿ ಇದೆ. "ಅಳಿಯಾ, ಡಿಕ್ಕಿನ್ಯಾಗ ಒಂದ್ ಚೀಲ ಗೋಂಜಾಳ ಒಗದಬಿಡು, ಗಾಡಿ ಗಟ್ಯಾಗಿ ಕುಂದರತದ." ನಾನಂದೆ, "ಮಾವಾ, ಒಗೀರಿ, ಆದ್ರ ಹಿಂದ ಬ್ಯಾಡ್ರಿ, ನಡುವ ಇಡ್ರಿ." ತೂಕ ಹೆಚ್ಚಾದರೆ ಗಾಳಿ ಅಷ್ಟು ಸುಲಭಕ್ಕೆ ನೂಕಲ್ಲ ಅನ್ನೋದು ನಿಜ. ಆದರೆ ಡಿಕ್ಕಿಯಲ್ಲಿಟ್ಟರೆ ಗುರುತ್ವ ಕೇಂದ್ರ ಹಿಂದೆ ಸರಿಯುತ್ತೆ, ಮುಂದಿನ ಗಾಲಿ ಹಗುರಾಗುತ್ತೆ, ಗಾಳಿಗೆ ಮೂತಿ ಇನ್ನೂ ಬೇಗ ತಿರುಗುತ್ತೆ. ಭಾರದ ಲಗೇಜು ಮುಂದಿನ ಸೀಟಿನ ಹಿಂದೆ, ಕೆಳಗೆ ಇರಬೇಕು. ಮೇಲಿನ ಕ್ಯಾರಿಯರ್ ಮೇಲಂತೂ ಬೇಡವೇ ಬೇಡ.

ನನ್ನ ಮುಖ್ಯ ತಕರಾರು ರಸ್ತೆಯ ಮೇಲೆ. ಎರಡು ಲೇನಿನ ಹಳೇ ರಸ್ತೆಗೆ ಸಾಲುಮರಗಳಾದರೂ ಇದ್ದವು. ಸುವರ್ಣ ಚತುರ್ಭುಜಕ್ಕೆ ನಾಲ್ಕು ಲೇನ್ ಮಾಡುವಾಗ ಮರ ಹೋದವು, ಆರಕ್ಕೆ ಹಿಗ್ಗಿಸುವಾಗ ರಸ್ತೆ ಇನ್ನೂ ಬಯಲಾಯ್ತು. 2018ರಲ್ಲಿ ಕೇಂದ್ರ ಸರ್ಕಾರ ಡಿವೈಡರ್ ಇರುವ ನಾಲ್ಕು ಲೇನ್ ರಸ್ತೆಗಳಲ್ಲಿ ಕಾರಿನ ಮಿತಿಯನ್ನು 100 ಮಾಡಿತು. ಜುಲೈ ಗಾಳಿಗೂ ನೂರು, ಜನವರಿಯ ಬಿಸಿಲಿಗೂ ನೂರು. ಗಾಳಿ ತಳ್ಳಿದಾಗ ಎಡಕ್ಕೆ ಸರಿದು ಬಚಾವಾಗೋಣ ಅಂದ್ರೆ ಅಲ್ಲಿ ಲಾರಿ ನಿಂತಿರುತ್ತೆ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ದೇವರ ದರ್ಶನ ಮುಗಿಸಿ ಮರಳುತ್ತಿದ್ದವರ ಟೆಂಪೋ ಟ್ರಾವೆಲರ್ ನಿಂತ ಲಾರಿಗೆ ಬಡಿದು 13 ಜನ ಹೋದರು. ಅದು ಗಾಳಿಯ ಕಥೆಯಲ್ಲ. ಆದರೆ ಈ ರಸ್ತೆಯಲ್ಲಿ ಅಂಚು ತಪ್ಪಿದವನಿಗೆ ಏನು ಕಾದಿರುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಹೊರದೇಶಗಳಲ್ಲಿ ಗಾಳಿ ಜೋರಿರುವ ಸೇತುವೆಗಳ ಬಳಿ ಪಟ್ಟೆಪಟ್ಟೆಯ ಗಾಳಿಚೀಲ ಕಟ್ಟಿರ್ತಾರೆ. ಅದು ಉಬ್ಬಿ ಅಡ್ಡ ನಿಂತಿದ್ದು ಕಂಡರೆ ಓದು ಬಾರದವರೂ ವೇಗ ಇಳಿಸ್ತಾರೆ. ಚಳಗೇರಿ ಟೋಲ್‌ನಿಂದ ಬಂಕಾಪುರ ಟೋಲ್ ತನಕ ಇಂಥ ಹತ್ತು ಚೀಲ ಕಟ್ಟಲು ಎಷ್ಟು ಖರ್ಚಾದೀತು? ನಾವು ಕಟ್ಟುವ ಟೋಲ್‌ನಲ್ಲಿ ಒಂದು ದಿನದ್ದೂ ಬೇಡ ಅನ್ಸುತ್ತೆ. ಜೊತೆಗೆ ಪಶ್ಚಿಮದ ಬದಿಗೆ, ರಸ್ತೆಯಿಂದ ಒಂದಿಷ್ಟು ದೂರದಲ್ಲಿ ಎರಡು ಸಾಲು ಮರ, ಬದಿಯಲ್ಲಿ ಲಾರಿ ನಿಲ್ಲದಂತೆ ಕಾವಲು. ಇಷ್ಟೇ ಕೇಳ್ತಿರೋದು.

ಅಲ್ಲೀತನಕ ನಮ್ಮ ಕೈಲಿರೋದು: ಗಾಳಿಯಿದ್ದ ದಿನ 70-80 ದಾಟಬೇಡಿ. ಎರಡೂ ಕೈ ಸ್ಟೇರಿಂಗ್ ಮೇಲಿರಲಿ. ಲಾರಿ ದಾಟುವಾಗ ಅಂತರ ಬಿಡಿ, ಲಾರಿ ಮುಗಿಯುವ ಮೊದಲೇ ನೂಕಿಗೆ ತಯಾರಾಗಿ. ನೂಕಿದಾಗ ಪೂರ್ತಿ ತಿರುಗಿಸಬೇಡಿ, ಸ್ವಲ್ಪವೇ ಸರಿಪಡಿಸಿ ಆಕ್ಸಿಲರೇಟರ್ ಬಿಡಿ. ಹೊರಗಿನ ಗಾಳಿ ನಮ್ಮ ಕೈಲಿಲ್ಲ, ಟೈರಿನ ಗಾಳಿ ಇದೆ. ಬಾಗಿಲ ಹತ್ತಿರ ಅಂಟಿಸಿರುವ ಚೀಟಿಯಲ್ಲಿ ತುಂಬಿದ ಗಾಡಿಗೆ ಎಷ್ಟು ಅಂತ ಬರೆದಿರುತ್ತೆ, ಅಷ್ಟೇ ಹಾಕಿಸಿ. ಪಂಕ್ಚರ್ ಅಂಗಡಿಯವನ ಅಂದಾಜು ಬೇಡ.

ಸಣ್ಣ ಕಾರು ಕೊಂಡವರು ಆಸೆಯಿಲ್ಲದೇ ಸಣ್ಣದು ಕೊಂಡವರಲ್ಲ. ಅವರ ಕೈಗೆಟುಕಿದ್ದು ಅದೇ. ಅವರೂ ಟೋಲ್ ಕಟ್ತಾರೆ, ಅವರ ಮನೆಯವರೂ ಆ ಕಾರಲ್ಲೇ ಕೂತಿರ್ತಾರೆ. ರಸ್ತೆ ಅವರಿಗೂ ಲೆಕ್ಕ ಹಾಕಿ ಆಗಬೇಕು.

ನೀವೇನಂತೀರಿ? ಈ ದಾರಿಯಲ್ಲಿ ಗಾಳಿ ನಿಮ್ಮನ್ನು ಎಲ್ಲೆಲ್ಲಿ ನೂಕಿದೆ ಹೇಳಿ, ಎಲ್ಲ ಸೇರಿಸಿ ಒಂದು ಪಟ್ಟಿ ಮಾಡೋಣ.