ಹಿಮ್ಮಡಿ ನೋವು: ಲೇಸರ್ ಒಂದೇ ಸಾಲದು
ಬೆಳಿಗ್ಗೆ ಹಾಸಿಗೆಯಿಂದೆದ್ದು ಇಡುವ ಮೊದಲ ಹೆಜ್ಜೆಗೇ ಹಿಮ್ಮಡಿಯ ಮೇಲ್ಭಾಗ ಚುಳ್ ಎನ್ನುತ್ತದೆ. ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಜೋಡಿಸುವ ಅಕಿಲಿಸ್ ಸ್ನಾಯುರಜ್ಜು ದಣಿದು ಹದಗೆಟ್ಟಾಗಿನ ನೋವಿದು. ಓಟಗಾರರನ್ನಷ್ಟೇ ಅಲ್ಲ, ಓಡಾಟ ಕಡಿಮೆ ಇರುವವರನ್ನೂ ಕಾಡುತ್ತದೆ. ಶಸ್ತ್ರಚಿಕಿತ್ಸೆಯಿಲ್ಲದೆ ಲೇಸರ್‌ನಿಂದಲೇ ವಾಸಿ ಎಂಬ ಮಾತು ಇಂಥವರಿಗೆ ಹಿತವೆನಿಸುವುದು ಸಹಜ.

ಆದರೆ ಪುರಾವೆ ಇನ್ನೂ ಗಟ್ಟಿಯಾಗಿಲ್ಲ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವ್ಯಾಯಾಮದ ಜೊತೆ ಲೇಸರ್ ಪಡೆದವರು ಬೇಗ ಚೇತರಿಸಿಕೊಂಡರು. 2012ರ ಇನ್ನೊಂದರಲ್ಲಿ ಲೇಸರ್‌ನಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಎರಡರಲ್ಲೂ ವ್ಯಾಯಾಮವಂತೂ ಇದ್ದೇ ಇತ್ತು.

ಆ ವ್ಯಾಯಾಮಕ್ಕೆ ಹೆಸರು ತಂದವರು ಸ್ವೀಡನ್ನಿನ ವೈದ್ಯ ಹೋಕನ್ ಆಲ್ಫ್ರೆಡ್‌ಸನ್, 1998ರಲ್ಲಿ. ಮೆಟ್ಟಿಲಿನ ಅಂಚಿನಲ್ಲಿ ತುದಿಗಾಲಲ್ಲಿ ನಿಂತು, ನೋವಿರುವ ಕಾಲಿನ ಮೇಲೆ ಭಾರ ಬಿಟ್ಟು, ಹಿಮ್ಮಡಿಯನ್ನು ನಿಧಾನವಾಗಿ ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸಬೇಕು. ಮೇಲೇರಲು ಇನ್ನೊಂದು ಕಾಲಿನ ಆಸರೆ. ಮೊಣಕಾಲು ನೆಟ್ಟಗಿಟ್ಟು 15 ಬಾರಿಯಂತೆ ಮೂರು ಸುತ್ತು, ಬಾಗಿಸಿ ಮತ್ತೆ ಅಷ್ಟೇ. ದಿನಕ್ಕೆರಡು ಹೊತ್ತು, 12 ವಾರ. ಖರ್ಚಿಲ್ಲ, ತಾಳ್ಮೆ ಬೇಕು. ಫಿಸಿಯೋಥೆರಪಿಸ್ಟ್ ಎದುರು ಒಮ್ಮೆ ಮಾಡಿ ಕಲಿತರೆ ಒಳ್ಳೆಯದು.

ಲೇಸರ್ ಬೇಡವೆಂದು ನಾವು ಹೇಳುತ್ತಿಲ್ಲ. ವ್ಯಾಯಾಮ ಹೇಳಿಕೊಡದೆ ಬರೀ ಲೇಸರ್ ಪ್ಯಾಕೇಜ್ ಮಾರುವುದು ಮಾತ್ರ ರೋಗಿಗೆ ಮಾಡುವ ಅನ್ಯಾಯ. ಎಷ್ಟು ಸಲ, ಎಷ್ಟು ಹಣ, ಗುಣ ಕಾಣದಿದ್ದರೆ ಮುಂದೇನು ಎಂದು ಮೊದಲೇ ಕೇಳಿ. ಸಿಪ್ರೋಫ್ಲಾಕ್ಸಸಿನ್‌ನಂಥ ಆ್ಯಂಟಿಬಯಾಟಿಕ್ ನುಂಗುತ್ತಿರುವಾಗ ಈ ನೋವು ಶುರುವಾದರೆ ತಕ್ಷಣ ವೈದ್ಯರಿಗೆ ತಿಳಿಸಿ. ಆ ಔಷಧ ಸ್ನಾಯುರಜ್ಜು ಹರಿಯುವ ಅಪಾಯವನ್ನು ಹೆಚ್ಚಿಸುತ್ತದೆ.